ಜೋಮ್‌ಸೋಮ್‌ಗೆ ಬೆಳಗಿನ ವಿಮಾನವೇ ಯಾಕೆ?

ನೇಪಾಳದ ಮುಕ್ತಿನಾಥಕ್ಕೆ ಹೊರಟ ನಮ್ಮ ಕಡೆಯ ಯಾತ್ರಿಕರು ಪೋಖರಾ ವಿಮಾನ ನಿಲ್ದಾಣದಲ್ಲಿ ಬೆಳಕು ಹರಿಯುವ ಮುಂಚೆಯೇ ಸಾಲಿನಲ್ಲಿರುತ್ತಾರೆ. ಮುಕ್ತಿನಾಥದ ದಾರಿಯಲ್ಲಿ ವಿಮಾನ ಇಳಿಯುವ ಊರು ಜೋಮ್‌ಸೋಮ್; ಅಲ್ಲಿಯ ವಿಮಾನಗಳು ಬೆಳಗ್ಗೆಯೇ ಹೋಗಿ ಬಂದುಬಿಡಬೇಕು. ಪೋಖರಾದಲ್ಲಿ ಆಕಾಶ ತಿಳಿಯಾಗಿದ್ದರೂ ಹತ್ತೂವರೆಗೆ ‘ಕ್ಯಾನ್ಸಲ್’ ಅಂದರೆ ಕೌಂಟರಿನಲ್ಲಿ ಜಗಳ ಶುರು. ಜಗಳವಾಡಿ ಪ್ರಯೋಜನವಿಲ್ಲ, ಆ ಹೊತ್ತಿಗೆ ಜೋಮ್‌ಸೋಮ್‌ನಲ್ಲಿ ಗಾಳಿ ಎದ್ದಿರುತ್ತದೆ.

ಹಾರಾಟ ಇಪ್ಪತ್ತು ನಿಮಿಷದ್ದು. 19 ಸೀಟಿನ ಟ್ವಿನ್ ಓಟರಿನಂಥ ಪುಟ್ಟ ವಿಮಾನ ಘೋರೆಪಾನಿಯ ಏಣು ದಾಟಿ ಕಾಳಿ ಗಂಡಕಿಯ ಕಣಿವೆಗೆ ಹೊರಳುತ್ತದೆ. ಎಡಕ್ಕೆ 8,167 ಮೀಟರಿನ ಧವಳಗಿರಿ, ಬಲಕ್ಕೆ 8,091 ಮೀಟರಿನ ಅನ್ನಪೂರ್ಣ. ಕಿಟಕಿ ಆರಿಸಲು ಅವಕಾಶ ಸಿಕ್ಕರೆ ಬಲಗಡೆಯದೇ ಇರಲಿ. ಈ ಎರಡು ಪರ್ವತಗಳ ನಡುವಿನ ಇಕ್ಕಟ್ಟೇ ಗಾಳಿಯ ದಾರಿ. ಬಿಸಿಲೇರಿದಂತೆ ಉತ್ತರದ ಮುಸ್ತಾಂಗಿನ ಬೋಳು ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ತೆರವಾದ ಜಾಗಕ್ಕೆ ದಕ್ಷಿಣದ ತಗ್ಗಿನ ಗಾಳಿ ಇದೇ ಸಂದಿಯಲ್ಲಿ ನುಗ್ಗುತ್ತದೆ. ಮಧ್ಯಾಹ್ನ 30 ನಾಟ್, ಅಂದರೆ ಗಂಟೆಗೆ 55 ಕಿ.ಮೀ., ದಾಟುವುದು ಇಲ್ಲಿ ಮಾಮೂಲು.

ಜೋಮ್‌ಸೋಮ್ ಇರುವುದು 2,736 ಮೀಟರ್ ಎತ್ತರದಲ್ಲಿ. ರನ್‌ವೇ ಸುಮಾರು 740 ಮೀಟರ್; ಬೆಂಗಳೂರಿನದು 4,000. ಮುಂಜಾನೆ ಗಾಳಿ ಇಲ್ಲದಾಗ ವಿಮಾನ ನೈಋತ್ಯದಿಂದ ನೇರ ಬಂದು ಇಳಿಯುತ್ತದೆ. ಗಾಳಿ ಎದ್ದರೆ ಅದೇ ದಾರಿಯಲ್ಲಿ ಬೆನ್ನಿಗೆ ಬೀಳುತ್ತದೆ. ಎದುರುಗಾಳಿಗೆ ಇಳಿಯಬೇಕೆಂದರೆ ನಿಲ್ದಾಣ ದಾಟಿ ಮುಂದೆ ಹೋಗಿ, ಕಣಿವೆಯೊಳಗೇ ತಿರುಗಿ ಬರಬೇಕು.

ಹಿಂಗಾಳಿ ಯಾಕೆ ಕೇಡು ಅನ್ನುವುದಕ್ಕೆ ಲೆಕ್ಕ ಸುಲಭ. ಟ್ವಿನ್ ಓಟರ್ ಸುಮಾರು 70 ನಾಟ್‌ನಲ್ಲಿ ಇಳಿಯುತ್ತದೆ ಎನ್ನಿ. ಈ ಎತ್ತರದಲ್ಲಿ ಗಾಳಿ ತೆಳು, ಆದ್ದರಿಂದ ವೇಗ ತೋರಿಸುವ ಮೀಟರಿನ ಮುಳ್ಳು 70 ತೋರಿಸುವಾಗ ನಿಜವಾದ ವೇಗ 80ರ ಹತ್ತಿರ. 10 ನಾಟ್ ಎದುರುಗಾಳಿಯಿದ್ದರೆ ಚಕ್ರ ನೆಲ ಮುಟ್ಟುವುದು 70ರಲ್ಲಿ, ಅಷ್ಟೇ ಹಿಂಗಾಳಿಯಿದ್ದರೆ 90ರಲ್ಲಿ. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಅದು ಶೇ 65ರಷ್ಟು ಹೆಚ್ಚುತ್ತದೆ. 2013ರ ಮೇ 16ರಂದು ಇಲ್ಲಿ ಹಿಂಗಾಳಿಯಲ್ಲಿ ಇಳಿದ ಟ್ವಿನ್ ಓಟರ್ ರನ್‌ವೇ ಬಿಟ್ಟು ನದಿಗೆ ಬಿತ್ತು. 21 ಮಂದಿಯೂ ಬದುಕಿದರು, ವಿಮಾನ ಮಾತ್ರ ರಿಪೇರಿಗೂ ಉಳಿಯಲಿಲ್ಲ.

ಹಾಗಂತ ಕಣಿವೆಯೊಳಗೆ ತಿರುಗುವುದೂ ಸಲೀಸಲ್ಲ. 2012ರ ಮೇ 14ರಂದು ಡಾರ್ನಿಯರ್ 228 ವಿಮಾನ ಇಳಿಯುವುದನ್ನು ಕೈಬಿಟ್ಟು ತಿರುಗುವಾಗ ಗುಡ್ಡಕ್ಕೆ ಬಡಿದು 21ರಲ್ಲಿ 15 ಮಂದಿ ಸತ್ತರು. ಪ್ರಯಾಣಿಕರಲ್ಲಿ ಹೆಚ್ಚಿನವರು ಭಾರತೀಯರು.

ಇನ್ನು ಅಡ್ಡಗಾಳಿ. ಪೈಲಟ್ ಮೂತಿಯನ್ನು ಗಾಳಿಯ ಕಡೆಗೆ ಓರೆ ಮಾಡಿಕೊಂಡೇ ಬರುತ್ತಾನೆ. ನೆಲ ಮುಟ್ಟುವ ಹೊತ್ತಿಗೆ ಕಾಲಿನ ಪೆಡಲ್ ಒತ್ತಿ ನೇರ ಮಾಡಿ, ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸುತ್ತಾನೆ. ಆ ಕಡೆಯ ಚಕ್ರ ಮೊದಲು ಊರುತ್ತದೆ. ಒಳಗೆ ಕೂತವರು ‘ಒಂದೇ ಚಕ್ರದ ಮೇಲೆ ಇಳಿಸಿದ’ ಎಂದು ಬೈಯುವುದುಂಟು. ಸರಿಯಾದ ಕ್ರಮವೇ ಅದು. ನಿಜವಾದ ಫಜೀತಿ ಆಮೇಲೆ: ವೇಗ ಇಳಿದಂತೆ ಬಾಲದ ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ, ಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ತನ್ನತ್ತ ತಿರುಗಿಸುತ್ತದೆ, ವಿಮಾನ ಪಕ್ಕಕ್ಕೆ ಓಡುತ್ತದೆ.

ಗಾಳಿ ಬೀಸಿ ಬೀಸಿ ಬಂದರೆ, ಬೀಸಿನ ಹೆಚ್ಚಳದ ಅರ್ಧವನ್ನು ಇಳಿಯುವ ವೇಗಕ್ಕೆ ಸೇರಿಸುವುದು ರೂಢಿ. 15 ನಾಟ್ ಗಾಳಿ ನಡುನಡುವೆ 25ಕ್ಕೆ ಏರುತ್ತಿದ್ದರೆ 5 ನಾಟ್ ಜಾಸ್ತಿ. ಸೇರಿಸದಿದ್ದರೆ, ಎದುರಿನ ಬೀಸು ತಟಕ್ಕನೆ ನಿಂತಾಗ ವಿಮಾನ ದೊಪ್ಪನೆ ಕುಸಿದು ಚಕ್ರದ ಕಾಲು ಮುರಿಯಬಹುದು. ಸೇರಿಸಿದರೆ ಆ ವೇಗ ರನ್‌ವೇಯನ್ನು ತಿನ್ನುತ್ತದೆ, 740 ಮೀಟರಿನಲ್ಲಿ ಅದಕ್ಕೂ ಬಿಡುವಿಲ್ಲ.

ಇಳಿದ ಮೇಲೆ ಗಾಳಿಚೀಲವನ್ನು, ಅಂದರೆ ಗಾಳಿಯ ದಿಕ್ಕು, ಜೋರು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲವನ್ನು, ನೋಡಿ. ಜೋತುಬಿದ್ದಿದ್ದರೆ ಗಾಳಿ ಇಲ್ಲ. ಸಾಮಾನ್ಯವಾಗಿ 15 ನಾಟ್‌ಗೆ ಅದು ಪೂರ್ತಿ ಚಾಚಿಕೊಳ್ಳುತ್ತದೆ.

ಅಲ್ಲಿಂದ ಮುಕ್ತಿನಾಥಕ್ಕೆ ಜೀಪು. ನದಿಯ ಹಾಸಿನಲ್ಲಿ ಸಾಲಿಗ್ರಾಮ ಹುಡುಕುವವರು ಬೆಳಗ್ಗೆಯೇ ಮುಗಿಸಿಕೊಳ್ಳಬೇಕು, ಮಧ್ಯಾಹ್ನ ಮರಳು ಮುಖಕ್ಕೆ ರಾಚುತ್ತದೆ. ಮರಳುವ ಟಿಕೆಟ್ಟು ದಿನದ ಮೊದಲ ವಿಮಾನದ್ದೇ ಇರಲಿ, ಮುಂದೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ವಿಮಾನ ರದ್ದಾದರೆ ತಾತೋಪಾನಿ, ಬೇನಿ ಮಾರ್ಗವಾಗಿ ಪೋಖರಾಕ್ಕೆ ಜೀಪು ಸಿಗುತ್ತದೆ. ಸುಮಾರು 160 ಕಿ.ಮೀ.ಗೆ ಇಡೀ ಹಗಲು ಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಇನ್ನೂ ತಡ.