ಸರದಿಯಲ್ಲಿ ನಾಲ್ಕನೆಯದು

14 ಅಕ್ಟೋಬರ್ 2025, ಮಂಗಳವಾರ, ರಾತ್ರಿ 10.40

ಇವತ್ತು ಬೆಳಿಗ್ಗೆ ಮೂರು ಮಹಡಿ ಮೆಟ್ಟಿಲು ಓಡಿ ಇಳಿದೆ. ಲಿಫ್ಟ್ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಎಲ್ಲ ಒಂದು ಹಳೇ ಲ್ಯಾಪ್‌ಟಾಪಿಗಾಗಿ.

ಗೊತ್ತಿಲ್ಲದವರಿಗೆ ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ಸಂಸ್ಥೆಯ ಮೇಲೆ ಕೇಸು ಬಿದ್ದರೆ, ಅಥವಾ ಬೀಳುವ ಲಕ್ಷಣ ಕಂಡರೆ, ಅದಕ್ಕೆ ಸಂಬಂಧಪಟ್ಟ ಮೇಲ್, ಚಾಟ್, ಫೈಲ್, ಫೋನಿನ ಮೆಸೇಜು ಯಾವುದೂ ಅಳಿಯದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಅದನ್ನು ಹುಡುಕಿ, ಸೋಸಿ, ವಕೀಲರ ಕೈಗೆ ಕೊಡಬೇಕು. ಇ-ಡಿಸ್ಕವರಿ ಅಂತಾರೆ. ವಕೀಲರು ನನ್ನನ್ನು ಐಟಿಯವಳು ಅಂದುಕೊಂಡಿದ್ದಾರೆ. ಐಟಿಯವರು ವಕೀಲರ ಕಡೆಯವಳು ಅಂದುಕೊಂಡಿದ್ದಾರೆ. ಊಟಕ್ಕೆ ಇಬ್ಬರೂ ಕರೆಯುವುದಿಲ್ಲ.

ಈಗ ನಡೀತಿರೋದು ಒಬ್ಬ ಸರಬರಾಜುದಾರರ ಜೊತೆಗಿನ ಕರಾರಿನ ಜಗಳ. ಮೂರು ವಾರದ ಹಿಂದೆ 41 ಜನರಿಗೆ ಲೀಗಲ್ ಹೋಲ್ಡ್ ನೋಟಿಸ್ ಕಳಿಸಿದ್ದೆ. ‘ಈ ವಿಷಯದ ಏನನ್ನೂ ಅಳಿಸಬೇಡಿ, ನಿಮ್ಮ ಸ್ವಂತ ಫೋನಿನಲ್ಲಿರುವುದನ್ನೂ ಸೇರಿಸಿ’ ಅಂತ. 38 ಜನ ‘ಓದಿದ್ದೇನೆ, ಒಪ್ಪಿದ್ದೇನೆ’ ಬಟನ್ ಒತ್ತಿದರು. ಒತ್ತುವುದೇ ಬೇರೆ, ಓದುವುದೇ ಬೇರೆ, ಅದು ಇನ್ನೊಂದು ಕಥೆ. ಉಳಿದ ಮೂವರಲ್ಲಿ ಒಬ್ಬರು ರಜೆಯಲ್ಲಿದ್ದಾರೆ. ಒಬ್ಬರು ಮೇಲ್ ತೆಗೆದೇ ನೋಡದ ಮ್ಯಾನೇಜರ್. ಮೂರನೆಯವರು ಎಂಜಿನಿಯರ್. ಅವರು ಶುಕ್ರವಾರವೇ ಕೆಲಸ ಬಿಟ್ಟಿದ್ದರು ಅಂತ ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಬಿಟ್ಟುಹೋದವರ ಪಟ್ಟಿ ವಾರಕ್ಕೊಮ್ಮೆ, ಮಂಗಳವಾರ ಬರುತ್ತದೆ. ನನ್ನ ಹೋಲ್ಡ್ ಪಟ್ಟಿಗೂ ಆ ಪಟ್ಟಿಗೂ ಸಂಬಂಧವೇ ಇಲ್ಲ.

ಸಾಕ್ಷ್ಯ ನಾಶ ಅಂದ ಕೂಡಲೇ ಜನ ಮಧ್ಯರಾತ್ರಿ ಕಾಗದ ಹರಿಯುವವನನ್ನು ನೆನಸಿಕೊಳ್ಳುತ್ತಾರೆ. ಅಂಥವನು ನನಗೆ ಇದುವರೆಗೆ ಸಿಕ್ಕಿಲ್ಲ. ನನಗೆ ಸಿಗುವವರೆಲ್ಲ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವರು. ಒಬ್ಬರು ಕೆಲಸ ಬಿಟ್ಟರೆ ಲ್ಯಾಪ್‌ಟಾಪ್ ವಾಪಸ್ ಬರುತ್ತದೆ, ಅದನ್ನು ಅಳಿಸಿ ಹೊಸಬರಿಗೆ ಕೊಡುತ್ತಾರೆ. ಮೂವತ್ತು ದಿನಕ್ಕೆ ಮೇಲ್‌ಬಾಕ್ಸ್ ಹೋಗುತ್ತದೆ, ತೊಂಬತ್ತು ದಿನಕ್ಕೆ ಚಾಟ್. ಯಾರೂ ಏನೂ ಮಾಡದೆ ಸುಮ್ನೆ ಕೂತರೂ ಸಾಕ್ಷ್ಯ ಕರಗುತ್ತಲೇ ಇರುತ್ತದೆ.

ಹೆಲ್ಪ್‌ಡೆಸ್ಕ್ ಮೇಜಿನ ಮೇಲೆ ಐದು ಲ್ಯಾಪ್‌ಟಾಪ್ ಸಾಲಾಗಿದ್ದವು. ಮೂರರಲ್ಲಿ ಅಳಿಸುವ ಕೆಲಸ ಶುರುವಾಗಿತ್ತು. ನಮ್ಮದು ನಾಲ್ಕನೆಯದು.

“ಇದನ್ನ ಮುಟ್ಟಬೇಡಪ್ಪಾ!” ಅಂದೆ. ಜೋರಾಗಿಯೇ ಅಂದೆನೇನೋ, ಆ ಹುಡುಗ ಎರಡೂ ಕೈ ಮೇಲೆತ್ತಿಬಿಟ್ಟ.

“ಮುಟ್ಟಿಲ್ಲ ಮೇಡಂ. ಆನ್ ಮಾಡಿ ಒಳಗೆ ಏನಿದೆ ಅಂತ ತೋರಿಸ್ಲಾ?”

ಅದೂ ಬೇಡ. ಹಾರ್ಡ್ ಡಿಸ್ಕಿನ ಬದಲು ಈಗ ಬರುವ ಎಸ್‌ಎಸ್‌ಡಿಗಳ ಸ್ವಭಾವವೇ ಹಾಗೆ. ಬಳಸುವವರು ಮೊದಲೇ ಡಿಲೀಟ್ ಮಾಡಿದ್ದ ಫೈಲಿನ ಜಾಗವನ್ನು ಡ್ರೈವ್ ತಾನೇ ಒಳಗೊಳಗೆ ಗುಡಿಸಿ ಖಾಲಿ ಮಾಡುತ್ತಿರುತ್ತದೆ. ಕರೆಂಟು ಸಿಕ್ಕರೆ ಸಾಕು. ಹಳೇ ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಆದದ್ದು, ಅದರ ಮೇಲೆ ಬೇರೇನೂ ಬರೆಯುವ ತನಕ ಅಲ್ಲೇ ಬಿದ್ದಿರುತ್ತಿತ್ತು. ಆ ಸುಖ ಈಗಿಲ್ಲ. ಅದಲ್ಲದೆ ಆನ್ ಮಾಡಿದರೆ ನೂರಾರು ಫೈಲುಗಳ ತಾರೀಖು ಇವತ್ತಿನದಾಗಿಬಿಡುತ್ತದೆ. ಎದುರು ಪಕ್ಷದ ವಕೀಲರು ಮೊದಲು ಕೇಳುವುದೇ ಅದನ್ನು.

ಸದ್ಯ ಉಳೀತು ಅಂತ ಉಸಿರು ಬಿಡುವಾಗಲೇ ಇನ್ನೊಂದು ನೆನಪಾಯಿತು. ಡ್ರೈವ್ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಒಳಗಿರುವುದಕ್ಕೆಲ್ಲ ಗುಪ್ತಲಿಪಿಯ ಬೀಗ. ಆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಇಲ್ಲದಿದ್ದರೆ ಕಾಪಿ ಮಾಡಿಕೊಂಡರೂ ಅದು ಬರೀ ಗೊಜಗೊಜ. ನಮ್ಮಲ್ಲಿ ಆ ಕೀ ಇರುವುದು ಆ ಯಂತ್ರದ ದಾಖಲೆಯ ಜೊತೆಗೆ. ಯಂತ್ರ ವಾಪಸ್ ಬಂದ ಮೇಲೆ ದಾಖಲೆ ತೆಗೆದುಹಾಕುತ್ತಾರೆ, ಜೊತೆಗೆ ಕೀಯೂ ಹೋಗುತ್ತದೆ. ಅದು ಬೇರೆ ತಂಡದ ಕೆಲಸ, ಬೇರೆ ಮಹಡಿ. ಮತ್ತೆ ಮೆಟ್ಟಿಲು, ಈ ಸಲ ಹತ್ತುವುದು. ಇವತ್ತು ಸಂಜೆಯ ಪಟ್ಟಿಯಲ್ಲಿ ಅದರ ಹೆಸರಿತ್ತು. ಪಟ್ಟಿಯಿಂದ ತೆಗೆಸಿದೆ, ಕೀ ಇಳಿಸಿಕೊಂಡೆ. ಲ್ಯಾಪ್‌ಟಾಪ್ ಉಳಿಸಿ ಬೀಗದ ಕೈ ಕಳೆದಿದ್ದರೆ ಏನಂತ ಬರೆಯುತ್ತಿದ್ದೆನೋ ಕೋರ್ಟಿಗೆ.

ಆಮೇಲಿನದು ನಿಧಾನದ ಕೆಲಸ. ಡ್ರೈವ್ ತೆಗೆದು, ಓದಲು ಮಾತ್ರ ಬಿಟ್ಟು ಬರೆಯಲು ಬಿಡದ ರೈಟ್ ಬ್ಲಾಕರ್‌ಗೆ ಸಿಕ್ಕಿಸಿ ಪೂರ್ತಿ ಇಮೇಜ್, ಅಂದರೆ ಪಡಿಯಚ್ಚು, ತೆಗೆದದ್ದು, ಅದರ ಬೆರಳಚ್ಚಿನಂಥ ಹ್ಯಾಶ್ ಲೆಕ್ಕ ಹಾಕಿದ್ದು. ಎಸ್‌ಎಚ್‌ಎ-256 ಅನ್ನುವ ಈ ಲೆಕ್ಕದಲ್ಲಿ ಎಷ್ಟೇ ದೊಡ್ಡ ಡ್ರೈವ್ ಆಗಲಿ, ಕೊನೆಗೆ ಸಿಗುವುದು 64 ಅಕ್ಷರದ ಒಂದು ಸಾಲು. ಒಳಗೆ ಒಂದೇ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಅದನ್ನು ರಿಜಿಸ್ಟರಿನಲ್ಲಿ ಬರೆದೆ. ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಎಷ್ಟು ಗಂಟೆಗೆ, ಸೀರಿಯಲ್ ನಂಬರ್ ಏನು, ಇಬ್ಬರ ಸಹಿ. ಹುಡುಗ ಸಹಿ ಹಾಕುವಾಗ “ನನ್ನನ್ನೂ ಕೋರ್ಟಿಗೆ ಕರೀತಾರಾ ಮೇಡಂ?” ಅಂದ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಮಧ್ಯಾಹ್ನ ನಮ್ಮ ವಕೀಲರಿಗೆ ಇಷ್ಟೂ ಹೇಳಿದೆ. ಅವರು ಜುಬುಲೇಕ್ ಕೇಸನ್ನೇ ಎತ್ತಿದರು. ಈ ಕೆಲಸದಲ್ಲಿ ಯಾರೂ ಅದನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ. ಲಾರಾ ಜುಬುಲೇಕ್ ಅನ್ನುವವರು ಅಮೆರಿಕದಲ್ಲಿ ತಾವು ಕೆಲಸ ಮಾಡಿದ್ದ ಯುಬಿಎಸ್ ವಾರ್‌ಬರ್ಗ್ ಮೇಲೆ ಹಾಕಿದ್ದ ಕೇಸು. ಉಳಿಸಿ ಅಂತ ಹೇಳಿದ ಮೇಲೂ ಕೆಲವರು ಮೇಲ್ ಅಳಿಸಿದ್ದರು. ನೋಟಿಸ್ ಕಳಿಸಿ ಕೈತೊಳೆದುಕೊಂಡರೆ ಆಗಲಿಲ್ಲ, ಅದನ್ನು ಪಾಲಿಸುತ್ತಿದ್ದಾರಾ ಅಂತ ವಕೀಲರು ಬೆನ್ನು ಹತ್ತಿ ನೋಡಬೇಕು ಅಂತ ನ್ಯಾಯಾಧೀಶೆ ಶೈರಾ ಶೈಂಡ್ಲಿನ್ 2004ರಲ್ಲಿ ಬರೆದರು. 2005ರಲ್ಲಿ ಜ್ಯೂರಿ ಕೊಡಿಸಿದ್ದು ಸುಮಾರು 2.93 ಕೋಟಿ ಡಾಲರ್. ಕಳೆದುಹೋದ ಡಿಜಿಟಲ್ ಸಾಕ್ಷ್ಯದ ಬಗ್ಗೆ ಅಲ್ಲಿನ ಕೋರ್ಟುಗಳ 37(ಇ) ನಿಯಮ 2015ರಲ್ಲಿ ಸ್ವಲ್ಪ ಸಡಿಲವಾಯಿತು, ಬೇಕಂತಲೇ ಮಾಡಿದ್ದಲ್ಲದಿದ್ದರೆ ದೊಡ್ಡ ಶಿಕ್ಷೆ ಇಲ್ಲ ಅಂತ ಸಮಾಧಾನವನ್ನೂ ಅವರೇ ಹೇಳಿದರು. ‘ಬೇಕಂತ ಮಾಡಿದ್ದಲ್ಲ’ ಅಂತ ತೋರಿಸೋಕೆ ಆಗುವ ಖರ್ಚನ್ನು ಮಾತ್ರ ಹೇಳಲಿಲ್ಲ.

ಸಂಜೆ ಆ ಎಂಜಿನಿಯರಿಗೇ ಫೋನ್ ಮಾಡಿದೆ. ಕೆಲಸ ಬಿಟ್ಟವರು ಸಾಮಾನ್ಯವಾಗಿ ಮಾತಾಡಲ್ಲ. ಇವರು ಮಾತಾಡಿದರು. ಹುಡುಕುವ ಪದಗಳ ಪಟ್ಟಿ ಓದಿ ಹೇಳಿದೆ. ಪ್ರಾಜೆಕ್ಟಿನ ಹೆಸರು, ಕರಾರಿನ ನಂಬರು, ಬಿಡಿಭಾಗದ ಕೋಡು. ಆ ಕಡೆಯಿಂದ ನಗು.

“ಆ ಹೆಸರು ನಾವ್ಯಾರೂ ಬಳಸ್ತಾನೇ ಇರಲಿಲ್ಲ ಮೇಡಂ. ಚಾಟಲ್ಲೆಲ್ಲ ನಾವದನ್ನ ಆನೆ ಅಂತಿದ್ವಿ. ಆನೆ ಎದ್ದಿಲ್ಲ, ಆನೆ ಮತ್ತೆ ಮಲಗ್ತು, ಹಾಗೆ.”

ಮೂರು ವಾರದಿಂದ ನಾವು ಹುಡುಕಿ ತೆಗೆದದ್ದರಲ್ಲಿ ಒಂದು ಆನೆಯೂ ಇರಲಿಲ್ಲ! 1985ರಲ್ಲಿ ಬ್ಲೇರ್ ಮತ್ತು ಮ್ಯಾರನ್ ಅನ್ನುವವರು ಒಂದು ಕೇಸಿನ ಸುಮಾರು 40,000 ದಾಖಲೆಗಳಲ್ಲಿ ಪದ ಹಾಕಿ ಹುಡುಕಿದರೆ ಎಷ್ಟು ಸಿಗುತ್ತದೆ ಅಂತ ಪರೀಕ್ಷೆ ಮಾಡಿದ್ದರು. ಬೇಕಾದದ್ದರಲ್ಲಿ ನೂರಕ್ಕೆ 75 ಸಿಕ್ಕಿದೆ ಅಂದುಕೊಂಡಿದ್ದರಂತೆ ಆ ಕೇಸಿನ ವಕೀಲರು. ನಿಜಕ್ಕೂ ಸಿಕ್ಕಿದ್ದು ಸುಮಾರು 20. ನಲವತ್ತು ವರ್ಷವಾಯಿತು. ಹುಡುಕುವ ಯಂತ್ರ ಎಷ್ಟೋ ಚುರುಕಾಗಿದೆ, ಆದರೂ ಜನ ಒಂದು ವಸ್ತುವನ್ನು ತಮ್ಮತಮ್ಮಲ್ಲಿ ಏನಂತ ಕರೀತಾರೆ ಅನ್ನೋದು ಅವರನ್ನೇ ಕೇಳಿದರೆ ಗೊತ್ತಾಗುತ್ತದೆ. ಈ ಕೇಳುವ ಕೆಲಸವನ್ನು ನಾನು ಮೊದಲ ವಾರವೇ ಮಾಡಬೇಕಿತ್ತು. ಫಾರಂ ಕಳಿಸಿ ಕೂತೆ. ತಪ್ಪು ನನ್ನದೇ.

ಈಗ ‘ಆನೆ’ ಹಾಕಿ ಹುಡುಕಾಟ ಓಡಿಸಿ ಬಂದಿದ್ದೇನೆ. ಬೆಳಿಗ್ಗೆಗೆ ಫಲಿತಾಂಶ ಬರುತ್ತದೆ. ಮೇಲ್‌ಗಳಲ್ಲಿ ಫೈಲಿನ ಬದಲು ಬರೀ ಲಿಂಕ್ ಇರುವ ತಲೆನೋವು ಬೇರೆ ಇದೆ. ಲಿಂಕ್ ಕಳಿಸಿದ ದಿನ ಆ ಫೈಲಿನಲ್ಲಿ ಏನಿತ್ತು, ಆಮೇಲೆ ಎಷ್ಟು ಸಲ ತಿದ್ದಿದ್ದಾರೆ ಅಂತ ನೋಡಬೇಕು. ಅದು ನಾಳೆಗೆ. ಮೇಲ್ ತೆಗೆಯದ ಮ್ಯಾನೇಜರ್ ಹತ್ತಿರ ನೋಟಿಸನ್ನು ಪ್ರಿಂಟ್ ಮಾಡಿಕೊಂಡು ನಾನೇ ಹೋಗುತ್ತೇನೆ. ಬಿಟ್ಟುಹೋದವರ ಪಟ್ಟಿಯನ್ನು ದಿನಾ ಕಳಿಸಿ ಅಂತ ಕೇಳಿದ್ದೇನೆ. ‘ವಿಚಾರ ಮಾಡ್ತೀವಿ’ ಅಂದಿದ್ದಾರೆ.

ಇಷ್ಟು ಬರೆಯುವಾಗ ಹೆಲ್ಪ್‌ಡೆಸ್ಕ್ ಹುಡುಗನ ಮೆಸೇಜು ಬಂತು: “ಮೇಡಂ, ನಾಳೆ ಸೇರೋರಿಗೆ ಅಂತ ಇಟ್ಟಿದ್ದೇ ಆ ಲ್ಯಾಪ್‌ಟಾಪ್. ಈಗ ಅವರಿಗೆ ಏನು ಕೊಡಲಿ?”