ಮಳೆಗಾಲದ ಚಿಪ್ಪು ಅಣಬೆ: ಬೂಷ್ಟು, ಉದ್ದ ತೊಟ್ಟು, ಹಳದಿ ಮಚ್ಚೆ

ಮಡಿಕೇರಿಯ ಜುಲೈ ಮಳೆಯಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ಭತ್ತದ ಹುಲ್ಲು ಎಲ್ಲಿ ಒಣಗಬೇಕು? ಈ ಸಲ ಅಣಬೆ ಬೆಡ್‌ಗಳಿಗೆ, ಅಂದರೆ ಆ ಹುಲ್ಲು ತುಂಬಿ ಅಣಬೆ ಬೆಳೆಸುವ ಚೀಲಗಳಿಗೆ, ಬಂದ ತೊಂದರೆ ಹೆಚ್ಚಿನದೆಲ್ಲ ಈ ತೇವದ್ದೇ.

ಮೊದಲು ಹಸಿರು ಬೂಷ್ಟು. ಅಣಬೆಯ ಬಿಳಿ ಎಳೆ ಚೆನ್ನಾಗಿ ಹಬ್ಬುತ್ತಿದ್ದ ಚೀಲದಲ್ಲಿ, ಗಂಟಿನ ಹತ್ತಿರ ಒಂದು ಮಚ್ಚೆ ಕಾಣಿಸಿತು. ಶುರುವಿಗೆ ಅದೂ ಬಿಳಿಯೇ, ಹಾಗಾಗಿ ಗೊತ್ತಾಗಲ್ಲ. ಆಮೇಲೆ ಪಾಚಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತೆ. ಕಾಳುಮೆಣಸಿಗೆ ಸೊರಗು ರೋಗ ಬರದಿರಲಿ ಅಂತ ಗೊಬ್ಬರದಲ್ಲಿ ಕಲಸಿ ಬಳ್ಳಿ ಬುಡಕ್ಕೆ ಹಾಕುತ್ತೇವಲ್ಲ, ಅದೇ ಟ್ರೈಕೋಡರ್ಮಾ ಅನ್ನುವ ಶಿಲೀಂಧ್ರದ ಬಳಗ ಇದು. ಬಳ್ಳಿಗೆ ಒಳ್ಳೆಯದು, ಅಣಬೆಗೆ ಮಾತ್ರ ಆಗಿಬರಲ್ಲ. ಹಾಗಾಗಿ ಹೊಸ ಬೆಡ್‌ಗಳನ್ನು ಗೊಬ್ಬರದ ಶೆಡ್‌ನಿಂದ ದೂರ, ಮನೆಯ ಉಗ್ರಾಣದಲ್ಲಿ ಇಟ್ಟಿದ್ದೇನೆ. ತೋಟದ ಬಟ್ಟೆಯಲ್ಲಿ ಯಾರೂ ಅಲ್ಲಿಗೆ ಹೋಗುವ ಹಾಗಿಲ್ಲ. ಬೂಷ್ಟು ಜಾಸ್ತಿಯಾದ ಚೀಲವನ್ನು ಒಳಗೆ ಬಿಚ್ಚಲೇಬಾರದು, ಪುಡಿ ಎಲ್ಲ ಕಡೆ ಹಾರುತ್ತೆ. ಕಟ್ಟಿದ ಹಾಗೇ ಹೊರಗೆ ಒಯ್ದು, ದೂರದಲ್ಲಿ ಹುಲ್ಲನ್ನು ಹೂತುಬಿಟ್ಟೆ.

ಹುಲ್ಲಿನ ತೇವವೂ ಅಷ್ಟೇ ಮುಖ್ಯ. 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟ ಹುಲ್ಲನ್ನು ನೆರಳಲ್ಲಿ ಹರಡಿದರೆ ಸಾಕು ಅನ್ನುತ್ತಾರೆ. ಬಯಲುಸೀಮೆಯಲ್ಲಿ ಅದು ಸರಿ. ಇಲ್ಲಿ ಹರಡಿದ ಹುಲ್ಲು ಹಾಗೇ ಒದ್ದೆಯಾಗಿ ಕೂತಿರುತ್ತೆ. ಈಗ ತೊಳೆದ ಬಿದಿರು ಬುಟ್ಟಿಗೆ ತುಂಬಿ, ಶುಭ್ರ ಬಟ್ಟೆ ಮುಚ್ಚಿ, ರಾತ್ರಿಯಿಡೀ ಬಸಿಯಲು ಬಿಡುತ್ತೇನೆ. ಬೆಳಿಗ್ಗೆ ಒಂದು ಹಿಡಿ ಗಟ್ಟಿಯಾಗಿ ಹಿಂಡಿ ನೋಡಬೇಕು. ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹೀಗೆ ಮಾಡಿದ ಚೀಲಗಳಲ್ಲಿ ಇದುವರೆಗೆ ಹಸಿರು ಕಂಡಿಲ್ಲ.

ಎರಡನೆಯದು, ತೊಟ್ಟು ಬೆರಳುದ್ದ, ಕೊಡೆ ಅಂಗಿ ಗುಂಡಿಯಷ್ಟು! ನೀರು ಸಾಲದು ಅಂತ ಅನ್ನಿಸುತ್ತೆ, ಅಲ್ವಾ? ಸಾಲದ್ದು ಗಾಳಿ. ಅಣಬೆಯೂ ಉಸಿರಾಡುತ್ತೆ. ಚಳಿಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ತೊಟ್ಟು ಮಾತ್ರ ಬೆಳೆಯುತ್ತೆ. ಕಿಟಕಿಗೆ ಸಣ್ಣ ಕಣ್ಣಿನ ಬಲೆ ಹೊಡೆದು ಬೆಳಿಗ್ಗೆ, ಸಂಜೆ ತೆರೆದಿಟ್ಟೆ. ಎರಡನೇ ಬೆಳೆಯಲ್ಲಿ ಕೊಡೆಗಳು ಅಂಗೈ ಅಗಲ ಬಂದಿವೆ. ನೋಡಿ ತುಂಬಾ ಖುಷಿಯಾಯಿತು.

ಕೊಡೆ ಮೇಲೆ ಲೋಳೆಲೋಳೆ ಹಳದಿ ಮಚ್ಚೆ ಬಂದರೆ ಅದು ಬ್ಯಾಕ್ಟೀರಿಯಾ. ಮೇಲೆ ನೀರು ನಿಂತರೆ ಬರುತ್ತೆ. ದಿನಕ್ಕೆರಡು ಸಲ ನೀರು ಸಿಂಪಡಿಸಿ ಅನ್ನುವ ಮಾತು ಈ ಮಳೆಯಲ್ಲಿ ಬೇಡವೇ ಬೇಡ. ಕೋಣೆಯಲ್ಲಿ ತೇವಾಂಶ ಶೇಕಡಾ 80ರಿಂದ 90 ಇದ್ದರೆ ಸಾಕು, ಅದು ತಾನಾಗಿಯೇ ಇದೆ. ಸ್ಪ್ರೇಯರ್ ಮೂಲೆ ಸೇರಿದೆ.

ಇನ್ನೂ ಹತೋಟಿಗೆ ಬರದಿರುವುದು ಸಣ್ಣ ಕಪ್ಪು ನೊಣ. ಹಳದಿ ಅಂಟು ಹಾಳೆ ತೂಗುಹಾಕಿದ್ದೇನೆ, ಒಂದಷ್ಟು ಅಂಟಿಕೊಳ್ಳುತ್ತಿವೆ. ಬಾಗಿಲ ಸಂದಿಗೂ ಬಲೆ ಹೊಡೆಯುವ ಕೆಲಸ ಈ ವಾರಕ್ಕೆ.