ಇಲ್ಲದ ಕಾಲಾಳನ್ನು ಹೊಡೆದ ಗುರುವಾರ

"ಅಲ್ಲ ಮಾರಾಯ, ಆ ಮನೇಲಿ ಯಾರೂ ಇಲ್ವಲ್ಲ. ಇಲ್ಲದವನನ್ನ ಹೆಂಗೆ ಹೊಡೆದೆ?"

"ರೂಲ್ ಇದೆ ಅಂಕಲ್. ಬೇಕಾದ್ರೆ ಗೂಗಲ್ ಮಾಡಿ ನೋಡಿ."

ಮೊನ್ನೆ ಗುರುವಾರ ರಾತ್ರಿ ಎಂಟೂಕಾಲಿಗೆ ಮಡಿಕೇರಿಯ ಬಾರೊಂದರಲ್ಲಿ, ನಾವು ಗುರುವಾರ ಏರ್ಪಡಿಸುವ ಚದುರಂಗದ ಮೂರನೇ ಟೇಬಲ್ಲಿನಲ್ಲಿ ಆದ ಮಾತು ಇಷ್ಟೇ. ಪ್ರಶ್ನೆ ಕೇಳಿದ ಸುಬೇದಾರರು ಎದ್ದರು, ಆಟದ ಕ್ಲಾಕ್ ನಿಲ್ಲಿಸಲಿಲ್ಲ, ಛತ್ರಿ ಬಿಚ್ಚಿಕೊಂಡು ಮಳೆಗೆ ಇಳಿದರು. ಗ್ಲಾಸಿನಲ್ಲಿ ಅರ್ಧ ರಮ್ ಹಾಗೇ ಇತ್ತು. ಅವರನ್ನು ಬಲ್ಲವರಿಗೆ ಈ ಕೊನೆಯ ವಿವರವೇ ಸಾಕು, ಎಷ್ಟು ನೊಂದಿದ್ದರು ಅಂತ ತಿಳಿಯೋಕೆ.

ಟೇಬಲ್ ಸುತ್ತ ಇಲ್ಲದವರಿಗಾಗಿ ಬೋರ್ಡಿನ ಸ್ಥಿತಿ (ಮನೆಯ ಹೆಸರಿನಲ್ಲಿ ಅಕ್ಷರ ಕಂಬಸಾಲಿನದು, ಅಂಕಿ ಅಡ್ಡಸಾಲಿನದು): ಹುಡುಗ ಬಿಳಿ. ಅವನ ಒಂಟೆ ಡಿ3ರಲ್ಲಿ, ಮಂತ್ರಿ ಎಚ್5ರಲ್ಲಿ, ಒಂದು ಕಾಲಾಳು ಇ5ರವರೆಗೆ ನುಗ್ಗಿ ಕೂತಿದೆ. ಸುಬೇದಾರರ ಕಪ್ಪು ರಾಜ ಕೋಟೆ ಕಟ್ಟಿಕೊಂಡು (ಒಂದೇ ನಡೆಯಲ್ಲಿ ಆನೆಯ ಕಡೆ ಸರಿದು, ಆನೆಯನ್ನು ಆಚೆ ಬದಿಗೆ ಇಟ್ಟು) ಜಿ8ರಲ್ಲಿ. ಬಿಳಿ ಮಂತ್ರಿ ಎಚ್7ಕ್ಕೆ ಬಿದ್ದರೆ ಮೇಟ್, ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಆಟ ಮುಗಿಯಿತು. ಸುಬೇದಾರರು ಎರಡು ನಿಮಿಷ ಗಡ್ಡ ಕೆರೆದುಕೊಂಡು ಎಫ್7ರ ಕಾಲಾಳನ್ನು ಎರಡು ಮನೆ ಹಾರಿಸಿ ಎಫ್5ರಲ್ಲಿ ನಿಲ್ಲಿಸಿದರು. ಒಂಟೆಯ ದಾರಿ ಬಂದ್. ಒಳ್ಳೆಯ ನಡೆ, ಪುಸ್ತಕದಲ್ಲಿ ಬರುವಂಥದ್ದು. ಹುಡುಗ ಅರೆಕ್ಷಣವೂ ಯೋಚಿಸದೆ ಇ5ರ ಕಾಲಾಳನ್ನು ಖಾಲಿಯಿದ್ದ ಎಫ್6ಕ್ಕೆ ತಳ್ಳಿ, ಎಫ್5ರಲ್ಲಿದ್ದ ಕಪ್ಪು ಕಾಲಾಳನ್ನು ಎತ್ತಿ ಪಕ್ಕಕ್ಕಿಟ್ಟ. ಕಟ್ಟಿದ ಗೋಡೆಯೇ ಮಾಯ. ಎಚ್7ರ ದಾರಿ ಮತ್ತೆ ಬಯಲು. ಆಟ ಇನ್ನೂ ಉಳಿದಿತ್ತು, ಆದರೆ ಆ ಹೊತ್ತಿನಲ್ಲಿ ಬೋರ್ಡ್ ನೋಡುತ್ತಿದ್ದವರು ಯಾರೂ ಇರಲಿಲ್ಲ. ಎಲ್ಲರೂ ಸುಬೇದಾರರ ಮುಖ ನೋಡುತ್ತಿದ್ದರು.

ಹುಡುಗ ಆಡಿದ್ದು ಎನ್ ಪಾಸಾಂಟ್. ನಿಯಮದ ಪ್ರಕಾರ ನೂರಕ್ಕೆ ನೂರು ಸರಿ. ಎದುರಾಳಿಯ ಕಾಲಾಳು ಮೊದಲ ನಡೆಯಲ್ಲೇ ಎರಡು ಮನೆ ಹಾರಿ ನಮ್ಮ ಕಾಲಾಳಿನ ಪಕ್ಕಕ್ಕೆ ಬಂದು ನಿಂತರೆ, ಅದು ಒಂದೇ ಮನೆ ಬಂದಿದೆ ಎಂದು ಲೆಕ್ಕ ಹಿಡಿದು ಓರೆಯಾಗಿ ಹೊಡೆಯಬಹುದು. ತಕ್ಷಣದ ನಡೆಯಲ್ಲಿ ಮಾತ್ರ, ಕಾಲಾಳಿನಿಂದ ಮಾತ್ರ.

ಆದರೂ ಹುಡುಗನ ಮೇಲೆ ಸಿಟ್ಟು ಬಂತು. ಕುಶಾಲನಗರದವನು, ಕೆಟ್ಟವನಲ್ಲ, ಮೊಬೈಲಿನಲ್ಲಿ ದಿನಕ್ಕೆ ಮೂವತ್ತು ಗೇಮ್ ಆಡುತ್ತಾನೆ. ಮೊಬೈಲಿನಲ್ಲಿ ಆಡಿ ಕಲಿತವರ ಕಷ್ಟ ಏನೆಂದರೆ, ಅಲ್ಲಿ ತಪ್ಪು ನಡೆ ಆಡೋಕೇ ಆಗಲ್ಲ. ಕಾಯಿ ತಾನಾಗಿ ಹಿಂದಕ್ಕೆ ಬರುತ್ತೆ. ಹಾಗಾಗಿ ನಿಯಮವನ್ನು ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಬೇಕಾದ ಸಂದರ್ಭವೇ ಅವರಿಗೆ ಬಂದಿರಲ್ಲ. ಬಂದಾಗ ಬಾಯಿಗೆ ಬರೋದು 'ಗೂಗಲ್ ಮಾಡಿ'. ಎಪ್ಪತ್ತು ದಾಟಿದವರಿಗೆ, ಅದೂ ನಾಲ್ಕು ಜನರ ಎದುರು.

ಸುಬೇದಾರರ ಪರವಾಗಿ ಹೇಳಬೇಕಾದದ್ದೂ ಇದೆ. ನಮ್ಮ ಹಳೆಯ ಮನೆಗಳ ಚದುರಂಗದಲ್ಲಿ ಕಾಲಾಳು ಒಂದೇ ಮನೆ ನಡೆಯುತ್ತಿದ್ದದ್ದು. ಕೋಟೆ ಕಟ್ಟುವ ಪದ್ಧತಿ ಇರಲಿಲ್ಲ, ಬದಲಿಗೆ ರಾಜ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದಿತ್ತು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಆ ಮನೆಗೆ ಸೇರಿದ ಕಾಯಿಯೇ ಆಗಬೇಕಿತ್ತು, ಬೇಕಾದ್ದು ಆಗುವ ಹಾಗಿರಲಿಲ್ಲ. ಒಂದೇ ಮನೆ ನಡೆಯುವವನು ಯಾರ ಕಣ್ಣು ತಪ್ಪಿಸಿ ಹೋಗೋದು? ಎನ್ ಪಾಸಾಂಟಿನ ಅಗತ್ಯವೇ ಅಲ್ಲಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇದೇ ಬಗೆಯ ಆಟ ಕಲಿತು ಇಂಗ್ಲೆಂಡಿಗೆ ಹೋದವರು. ಅಲ್ಲಿಯ ನಿಯಮ ಹೊಸದಾಗಿ ರೂಢಿಸಿಕೊಂಡು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಆಮೇಲೆ ಶಾಲೆಗಳ ಮೂಲಕ, ಪ್ಲಾಸ್ಟಿಕ್ ಸೆಟ್‌ಗಳ ಮೂಲಕ ಎರಡು ಮನೆ ಹಾರುವ ಸವಲತ್ತು ನಮ್ಮ ಮನೆಗಳಿಗೆ ಬಂತು. ಅದಕ್ಕೆ ತೆರಬೇಕಾದ ಸುಂಕ ಜೊತೆಗೆ ಬರಲಿಲ್ಲ. ಕೊಡಗಿನಲ್ಲಿ ಮಾತ್ರ ಅಲ್ಲ, ಕರ್ನಾಟಕದ ಯಾವ ಊರಿನ ಜಗಲಿಯಲ್ಲಿ ಕೂತರೂ ಈ ಅರ್ಧಂಬರ್ಧ ಆಟವೇ ಸಿಗೋದು. ಇದನ್ನು ಅಜ್ಞಾನ ಅನ್ನುವವರು ಇಟಲಿಯ ಕಡೆ ನೋಡಲಿ. ಅಲ್ಲಿ 1880ರ ಹೊತ್ತಿನವರೆಗೂ ಸುಬೇದಾರರು ಆಡುವ ಹಾಗೆಯೇ ಆಡುತ್ತಿದ್ದರು: ಎರಡು ಮನೆ ಹಾರಬಹುದು, ಹಾದುಹೋದವನನ್ನು ಹೊಡೆಯುವ ಹಾಗಿಲ್ಲ. ಅದಕ್ಕೊಂದು ಹೆಸರೂ ಇತ್ತು, ಪಾಸ್ಸಾರ್ ಬತ್ತಾಲ್ಯ.

'ಇಲ್ಲದವನನ್ನ ಹೆಂಗೆ ಹೊಡೆದೆ?' ಈ ಪ್ರಶ್ನೆಯನ್ನು ವಾರವಿಡೀ ತಿರುಗಿಸಿ ನೋಡಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದು ಆಟ ಏರ್ಪಡಿಸುವ ನಮ್ಮಲ್ಲಿ.

ಬಾರಿನಲ್ಲಿ ಚದುರಂಗ ಅಂದರೆ ನಗುವವರು ಇನ್ನೂ ಇದ್ದಾರೆ. ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಎಂಬ ಇಬ್ಬರು ಹೆಸರಾಂತ ಆಟಗಾರರು 1851ರಲ್ಲಿ ಆಡಿದ, 'ಅಮರ ಆಟ' ಎಂದೇ ಹೆಸರಾದ ಗೇಮು ಟೂರ್ನಮೆಂಟಿನದ್ದಲ್ಲ. ಲಂಡನ್ನಿನ ಸಿಂಪ್ಸನ್ಸ್ ಡಿವಾನ್ ಎಂಬ ಕಾಫಿ-ಸಿಗಾರಿನ ಕೋಣೆಯಲ್ಲಿ ಬಿಡುವಿಗೆ ಆಡಿದ್ದು. ಡಿಸೆಂಬರ್ 2024ರಲ್ಲಿ ಗುಕೇಶ್ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಆದಮೇಲೆ ನಮ್ಮಲ್ಲೂ ಮಕ್ಕಳನ್ನು ಚೆಸ್ ಕ್ಲಾಸಿಗೆ ಬಿಡುವ ಅಪ್ಪಂದಿರು ಹೆಚ್ಚಾದರು. ಆ ಅಪ್ಪಂದಿರೇ ಗುರುವಾರ ಬಾರಿಗೆ ಬರುವವರು. ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಊರಿನ ಒಳ್ಳೆಯ ಆಟಗಾರರೆಲ್ಲ ಮನೆಯಲ್ಲಿ ಹೋಮ್‌ವರ್ಕ್ ಮಾಡುತ್ತಿರುತ್ತಾರೆ, ಅವರಿಗೆ ದಿನಾ ಸೋಲುವವರು ಇಲ್ಲಿ ಕೂತಿರುತ್ತಾರೆ.

ಸಲಕರಣೆ ವಿಷಯದಲ್ಲಿ ನಾವು ಮೊದಲು ಎಲ್ಲ ತಪ್ಪೂ ಮಾಡಿ ಮುಗಿಸಿದ್ದೇವೆ. ಮರದ ಬೋರ್ಡ್ ಮಡಿಕೇರಿಯ ಮಳೆಗಾಲಕ್ಕೆ ಆಗಿಬರಲ್ಲ, ಕಕ್ಕಡ (ಕೊಡವರ ಮಳೆ ತಿಂಗಳು) ಮುಗಿಯುವಷ್ಟರಲ್ಲಿ ಬಾಗಿರುತ್ತೆ, ಕಾಯಿಗಳ ಅಡಿಯ ಬಟ್ಟೆಗೆ ಬೂಸ್ಟು ಹಿಡಿದಿರುತ್ತೆ. ಸುರುಳಿ ಸುತ್ತುವ ವಿನೈಲ್ ಬೋರ್ಡೇ ಸರಿ, ಅದೂ ಹಸಿರು-ಬಿಳಿ. ಬಾರಿನ ಮಂದ ಬೆಳಕಿನಲ್ಲಿ ಕಂದು ಮನೆಯ ಮೇಲಿನ ಕಪ್ಪು ಒಂಟೆ ಎರಡನೇ ಪೆಗ್ಗಿನ ನಂತರ ಯಾರಿಗೂ ಕಾಣಲ್ಲ. ಮನೆಯ ಅಗಲ ಎರಡೂಕಾಲು ಇಂಚು, ರಾಜನ ಎತ್ತರ ಮೂರೂಮುಕ್ಕಾಲು ಇಂಚು. ಅಂಚು ಸೇರಿ ಬೋರ್ಡ್ ಇಪ್ಪತ್ತು ಇಂಚಾಗುತ್ತೆ. ಬಾರಿನ ಚೌಕ ಟೇಬಲ್ ಎರಡಡಿ. ಉಳಿಯೋದು ಸುತ್ತಲೂ ಎರಡೆರಡು ಇಂಚು. ಅಲ್ಲಿ ಗ್ಲಾಸ್ ಇಟ್ಟರೆ ಬೋರ್ಡಿಗೆ ಬೀಳೋದು ಖಂಡಿತ. ಹಾಗಾಗಿ ಪ್ರತಿಯೊಬ್ಬರ ಪಕ್ಕಕ್ಕೂ ಒಂದು ಸ್ಟೂಲು, ಕ್ಲಾಕ್ ಇರುವ ಬದಿಗೆ ಅಲ್ಲ, ಅದರ ಎದುರು ಬದಿಗೆ. ಕ್ಲಾಕ್ ಒತ್ತುವ ಅವಸರದ ಕೈಗೆ ಸಿಕ್ಕಿ ಎಷ್ಟು ಬಿಯರ್ ಚೆಲ್ಲಿದೆ ಅಂತ ಬಾರಿನ ಹುಡುಗರನ್ನು ಕೇಳಿ.

ಪಂದಿ (ಹಂದಿಮಾಂಸ) ಫ್ರೈಯದ್ದು ಬೇರೆಯದೇ ಕಥೆ. ಬಲಗೈ ಎಣ್ಣೆಯಾದರೆ ಎಡಗೈಯಲ್ಲೇ ಕಾಯಿ ನಡೆಸಿ ಎಡಗೈಯಲ್ಲೇ ಕ್ಲಾಕ್ ಒತ್ತಬೇಕು. ನಡೆಸಿದ ಕೈಯಲ್ಲೇ ಒತ್ತಬೇಕೆಂಬುದು ಅಂತರರಾಷ್ಟ್ರೀಯ ನಿಯಮವೂ ಹೌದು, ಬೋರ್ಡಿನ ಆರೋಗ್ಯಕ್ಕೂ ಒಳ್ಳೆಯದು. ಟೂತ್‌ಪಿಕ್ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತೆ. ಆದರೂ ತಿಂಗಳಿಗೊಮ್ಮೆ ಕಾಯಿಗಳನ್ನು ಸೋಪಿನ ನೀರಿಗೆ ಹಾಕಲೇಬೇಕು.

ಸಮಯ: ತಲಾ ಹತ್ತು ನಿಮಿಷ, ಪ್ರತಿ ನಡೆಗೆ ಐದು ಸೆಕೆಂಡ್ ಸೇರಿಕೆ. ನಲವತ್ತು ನಡೆಯ ಆಟಕ್ಕೆ ಒಬ್ಬರಿಗೆ ಹದಿಮೂರು ನಿಮಿಷ ಇಪ್ಪತ್ತು ಸೆಕೆಂಡ್ ಸಿಗುತ್ತೆ, ಇಬ್ಬರದೂ ಸೇರಿ ಅರ್ಧ ಗಂಟೆಯೊಳಗೆ ಟೇಬಲ್ ಖಾಲಿ. ಸೇರಿಕೆ ಇಲ್ಲದ ಐದು ನಿಮಿಷದ ಆಟ ಬೇಡವೇ ಬೇಡ, ಕೊನೆಯ ಹತ್ತು ಸೆಕೆಂಡಿನಲ್ಲಿ ಕಾಯಿಗಳು ನೆಲದ ಮೇಲಿರುತ್ತವೆ. ಬ್ಯಾಟರಿ ಕ್ಲಾಕ್ ಇದ್ದರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಮೊಬೈಲ್ ಆಪ್ ಬಳಸುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಹೆಂಡತಿಯ ಫೋನ್ ಬಂದ ಕ್ಷಣಕ್ಕೆ ಕ್ಲಾಕ್ ಮರೆಯಾಗುತ್ತೆ, ಆಟಗಾರನೂ ಮರೆಯಾಗುತ್ತಾನೆ.

ಬಲ್ಲವನಿಗೂ ಹೊಸಬನಿಗೂ ಜೋಡಿ ಬಿದ್ದರೆ ಏನು ಮಾಡೋದು? ಹಳೆಯ ರೂಢಿ ಎಂದರೆ ಬಲ್ಲವನು ಒಂದು ಕುದುರೆಯನ್ನೋ ಆನೆಯನ್ನೋ ತೆಗೆದಿಟ್ಟು ಆಡೋದು. ನಮಗೆ ಇಷ್ಟವಿಲ್ಲ, ಹೊಸಬನಿಗೆ ಅದು ದಾನ ಕೊಟ್ಟ ಹಾಗೆ ಕಾಣುತ್ತೆ. ಸಮಯದಲ್ಲಿ ಕತ್ತರಿಸಿ: ಅವನಿಗೆ ಹತ್ತು ನಿಮಿಷ, ಬಲ್ಲವನಿಗೆ ಮೂರು. ಕಾಯಿಗಳೆಲ್ಲ ಬೋರ್ಡಿನ ಮೇಲಿರುತ್ತವೆ, ಬಲ್ಲವನು ಬೆವರುತ್ತಾನೆ. ಪಂದ್ಯಕ್ಕೆ ಪೆಗ್ ಕಟ್ಟಲು ಮಾತ್ರ ಬಿಡಬೇಡಿ. ಸೋತವನು ಮುಂದಿನ ರೌಂಡ್ ಕೊಡಿಸಬೇಕು ಅಂತ ಒಮ್ಮೆ ಶುರುವಾದರೆ ಹೊಸಬರು ಎರಡನೇ ವಾರ ಬರಲ್ಲ. ಒಂಬತ್ತೂವರೆಗೆ ಮುಗಿಸುವುದೂ ಅಷ್ಟೇ ಮುಖ್ಯ. ಮಂಜಿನಲ್ಲಿ ಸಂಪಾಜೆ ಕಡೆಗೆ ಇಳಿಯುವವರಿದ್ದರೆ ಕುಡಿಯದೆ ಗಾಡಿ ಓಡಿಸುವವರು ಯಾರೆಂದು ಮೊದಲ ಗೇಮಿಗೆ ಮುಂಚೆಯೇ ಗೊತ್ತಿರಬೇಕು.

ಇಷ್ಟೆಲ್ಲ ಯೋಚಿಸಿದವರು, ಆಟಕ್ಕೆ ಕೂತ ಇಬ್ಬರೂ ಒಂದೇ ಆಟ ಆಡುತ್ತಿದ್ದಾರಾ ಅಂತ ಕೇಳಿರಲಿಲ್ಲ.

ಗುರುವಾರ ಸುಬೇದಾರರ ಹಿಂದೆಯೇ ಬಾಗಿಲವರೆಗೆ ಓಡಿದ್ದು ಕ್ಯಾಶ್ ಕೌಂಟರಿನವರು. ಹಾಕಿ ಆಡಿದವರು, ಸುಬೇದಾರರೂ ಆಡಿದವರೇ. ಬುದ್ಧಿವಂತಿಕೆಯಿಂದಲೇ ಮಾತು ತೆಗೆದರು. "ಸಾರ್, ಹಾಕೀಲಿ ಆಫ್‌ಸೈಡ್ ತೆಗೆದಾಗ ನಾವೂ ಹಿಂಗೇ ಗಲಾಟೆ ಮಾಡಿದ್ವಲ್ಲ. ಆಮೇಲೆ ಒಪ್ಪಿಕೊಂಡ್ವಿ."

ಸುಬೇದಾರರು ಛತ್ರಿ ಕೊಡವುತ್ತಾ ಹೇಳಿದರಂತೆ: "ತೆಗೆದರು, ಸರಿ. ಆದರೆ ಪಂದ್ಯ ಶುರುವಾಗೋಕೆ ಮೊದಲು ತೆಗೆದರು."

ಕ್ಯಾಶ್ ಕೌಂಟರಿನವರ ಬಳಿ ಉತ್ತರವಿರಲಿಲ್ಲ, ನಮ್ಮ ಬಳಿಯೂ ಇಲ್ಲ. ಆಟದ ನಡುವೆ ಮೊದಲ ಸಲ ಕಿವಿಗೆ ಬೀಳುವ ನಿಯಮ ಎಷ್ಟೇ ನಿಜವಾಗಿರಲಿ, ಕೇಳುವವನಿಗೆ ಮೋಸದ ಹಾಗೇ ಕೇಳಿಸುತ್ತೆ. ಕಂದಾಯ ಕಚೇರಿಯ ಕಿಟಕಿಯ ಮುಂದೆ ನಿಂತವರಿಗೂ ಹೀಗೇ ಆಗೋದು. ಸಾಲಿನಲ್ಲಿ ಒಂದೂವರೆ ಗಂಟೆ ನಿಂತ ಮೇಲೆ 'ಈ ಫಾರಂ ಹೋದ ತಿಂಗಳೇ ಬದಲಾಗಿದೆ' ಅನ್ನುತ್ತಾರೆ. ಫಾರಂ ಬದಲಾಗಿರುವುದು ನಿಜ, ಹೇಳಿದವನು ಸುಳ್ಳುಗಾರನೂ ಅಲ್ಲ. ಆದರೂ ಮನೆಗೆ ಬಂದು ಬೈಯೋದು ಅವನನ್ನೇ. ಎಸ್ಟೇಟಿನಲ್ಲಿ ಕಾಫಿ ಮಾರುವವರಿಗೆ ತೇವಾಂಶದ ಲೆಕ್ಕ ತಕ್ಕಡಿಗೆ ಮೂಟೆ ಹಾಕಿದ ಮೇಲೆ ಗೊತ್ತಾಗುತ್ತೆ. ಬಲ್ಲವನ ಬಾಯಲ್ಲಿ ಇರೋದು ಒಂದೇ ಮಾತು, 'ರೂಲ್ ಇದೆ'. ಅದು ಯಾರ ಹತ್ತಿರ ಇತ್ತು, ಯಾವಾಗಿನಿಂದ ಇತ್ತು, ನನ್ನ ಸರದಿಗೇ ಯಾಕೆ ಹೊರಬಂತು ಅಂತ ಕೇಳುವ ಹಕ್ಕು ಗೊತ್ತಿಲ್ಲದವನಿಗಿದೆ. ಹುಡುಗನೂ ಇದನ್ನು ಒಂದು ದಿನ ಅನುಭವಿಸುತ್ತಾನೆ, ಬಹುಶಃ ಮೊಬೈಲಿನಲ್ಲೇ, ನಿಯಮಾವಳಿ ಒಪ್ಪಿಗೆ ಒತ್ತಿದ ಮೇಲೆ.

ಈ ವಾರದಿಂದ ಪ್ರತಿ ಟೇಬಲ್ಲಿನ ಮೇಲೂ ಅಂಗೈ ಅಗಲದ ಲ್ಯಾಮಿನೇಟ್ ಕಾರ್ಡ್ ಇರುತ್ತೆ. ಕನ್ನಡದಲ್ಲಿ, ಐದೇ ಸಾಲು. ಬಲಗೈ ಮೂಲೆಯ ಮನೆ ಬಿಳಿಯಿರಬೇಕು, ಮಂತ್ರಿ ತನ್ನ ಬಣ್ಣದ ಮನೆಯಲ್ಲಿ. ಕೋಟೆ ಕಟ್ಟುವ ಮೊದಲು ರಾಜನೂ ಆ ಆನೆಯೂ ಅಲುಗಿರಬಾರದು, ನಡುವೆ ಕಾಯಿ ಇರಬಾರದು, ರಾಜನಿಗೆ ಶಹ (ಚೆಕ್) ಇರುವಾಗಲೂ ಇಲ್ಲ, ಶಹ ದಾಟಿಕೊಂಡೂ ಇಲ್ಲ. ಕೊನೆಯ ಸಾಲು ಮುಟ್ಟಿದ ಕಾಲಾಳು ಮಂತ್ರಿ, ಆನೆ, ಒಂಟೆ, ಕುದುರೆ ಯಾವುದಾದರೂ ಆಗಬಹುದು, ಎದುರಾಳಿ ಹೊಡೆದ ಕಾಯಿಯೇ ಬೇಕೆಂದಿಲ್ಲ (ಎರಡನೇ ಮಂತ್ರಿ ಇಲ್ಲವೆಂದು ಆನೆಯನ್ನು ತಲೆಕೆಳಗಾಗಿ ಇಡಬೇಡಿ, ಟೂರ್ನಮೆಂಟಿನಲ್ಲಿ ಅದು ಆನೆಯೇ, ಹೆಚ್ಚುವರಿ ಮಂತ್ರಿ ಕೌಂಟರಿನಲ್ಲಿದೆ). ಶಹ ಇಲ್ಲದೆ ನಡೆಯೂ ಇಲ್ಲದಿದ್ದರೆ ಆಟ ಸಮ. ಐದನೆಯದು ಎನ್ ಪಾಸಾಂಟ್, ಚಿತ್ರ ಸಮೇತ, ಬಾಣದ ಗುರುತು ಹಾಕಿ. ಕಾರ್ಡನ್ನು ಇಬ್ಬರೂ ಓದಿ ಹೂಂ ಅಂದ ಮೇಲೆಯೇ ಕ್ಲಾಕ್ ಒತ್ತುವುದು. ಮನೆ ನಿಯಮದಲ್ಲಿ ಆಡುತ್ತೇವೆ ಅಂತ ಇಬ್ಬರೂ ಒಪ್ಪಿದರೆ ಅದೂ ಆಗಬಹುದು, ಕಾರ್ಡ್ ಮಗುಚಿ ಇಟ್ಟರಾಯಿತು.

ಸುಬೇದಾರರು ಮಾರನೇ ದಿನ ಶುಕ್ರವಾರದ ಸಂತೆಯಲ್ಲಿ ಸಿಕ್ಕರು, ಹಸಿಮೆಣಸಿನ ರಾಶಿಯ ಮುಂದೆ. ನಮಸ್ಕಾರಕ್ಕೆ ತಲೆಯಾಡಿಸಿದರು, ಮಾತಿಲ್ಲ. ಆಮೇಲೆ ಮೆಣಸು ಆರಿಸುತ್ತಲೇ ಕೇಳಿದರು.

"ಆ ಹೊಡೆತ, ಒಂದು ನಡೆ ಬಿಟ್ಟು ಆಮೇಲೆ ಹೊಡೀಬಹುದಾ?"

"ಇಲ್ಲ ಸಾರ್. ಆಗಲೇ ಹೊಡೀಬೇಕು. ಬಿಟ್ಟರೆ ಹೋಯ್ತು."

"ಕುದುರೇಲಿ?"

"ಇಲ್ಲ. ಕಾಲಾಳಿಗೆ ಮಾತ್ರ."

"ಹೊಡೆದು ಎಫ್6ರಲ್ಲಿ ನಿಂತನಲ್ಲ, ಅವನನ್ನ ನನ್ನ ಆನೆ ಹೊಡೀಬಹುದಿತ್ತು."

"ಹೊಡೀಬಹುದಿತ್ತು ಸಾರ್."

"ಮಂತ್ರಿ ಬಂದು ಎಚ್7 ತಿಂದ, ಶಹ. ನನ್ನ ರಾಜ ಎಫ್8ಕ್ಕೆ ಹೋದ. ಮೇಟ್ ಎಲ್ಲಿದೆ?"

ಸಂತೆಯ ಗದ್ದಲದಲ್ಲಿ ಬೋರ್ಡ್ ಇಲ್ಲದೆ ಲೆಕ್ಕ ಹಾಕೋಕೆ ಸ್ವಲ್ಪ ಹೊತ್ತು ಬೇಕಾಯಿತು. ಮೇಟ್ ಎಲ್ಲೂ ಇರಲಿಲ್ಲ.

"ಕಾಲು ಕೆಜಿ ಕೊಡಿ," ಅಂದರು ಸುಬೇದಾರರು ಮೆಣಸಿನವಳಿಗೆ.